ಕಡತ ಇದೆ, ಕೈಗೆ ಸಿಗುವುದಿಲ್ಲ: ಕೇಂದ್ರ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಭಾರತೀಯ ರಾಷ್ಟ್ರೀಯ ದಾಖಲಾಲಯ ನಿಮ್ಮ ಸಚಿವಾಲಯದ ಅಡಿಯಲ್ಲಿದೆ. ಅದರ ಕಡತಗಳು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಬರುತ್ತಿವೆ. ಇಂಥ ಕೆಲಸವನ್ನು ಎಷ್ಟು ಪುಟ ಸ್ಕ್ಯಾನ್ ಆಯಿತು ಎಂದು ಎಣಿಸಿ ಅಳೆಯುವುದು ವಾಡಿಕೆ. ಮೊದಲ ಮಹಾಯುದ್ಧದ ಭಾರತೀಯ ಪಲ್ಟನ್‌ಗಳ ದಾಖಲೆ ಹುಡುಕುವವರಿಗೆ ಆ ಎಣಿಕೆಗಿಂತ ಮುಖ್ಯವಾದದ್ದು ಬೇರೆ ಇದೆ: ಹಳೆಯ ಹೆಸರನ್ನು ಹೊಸ ಹೆಸರಿಗೆ ಜೋಡಿಸುವ ಒಂದು ಪಟ್ಟಿ.

103ನೇ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿಯನ್ನೇ ನೋಡಿ. 1916ರ ಏಪ್ರಿಲ್ 29ರಂದು ಮೆಸಪಟೋಮಿಯಾದ (ಇಂದಿನ ಇರಾಕ್) ಕುತ್‌ನಲ್ಲಿ ಶರಣಾದ ಸೇನೆಯಲ್ಲಿ ಅದಿತ್ತು. ಭಾರತೀಯ ಸೇನೆಯ 1922ರ ಪುನಾರಚನೆಯಲ್ಲಿ ಅದೇ 5ನೇ ಮಹ್ರಟ್ಟಾದ 1ನೇ ಬೆಟಾಲಿಯನ್ ಆಯಿತು. 110ನೆಯದು ಅದರ 3ನೇ ಬೆಟಾಲಿಯನ್ ಆಯಿತು, 117ನೆಯದು 5ನೆಯದು. ಇಂದಿನ ಹೆಸರು ಹಿಡಿದು 1915ರ ಕಡತ ಹುಡುಕಿದರೆ ಉತ್ತರ ಸೊನ್ನೆ. ಸರಿಯಾದ ಸಂಖ್ಯೆ ಗೊತ್ತಿದ್ದರೂ ಕಾಗುಣಿತ ಕೈಕೊಡುತ್ತದೆ: ಆಗಿನ ರೋಮನ್ ಬರಹದಲ್ಲಿ ‘ಎಂ, ಎ’ ಆದ ಮೇಲೊಂದು ‘ಎಚ್’, ಮುಂದೆ ಜೋಡಿ ‘ಟಿ’. ಈಗಿನಂತೆ ‘ಮರಾಠಾ’ ಎಂದು ಟೈಪಿಸಿದವರು ದಾಖಲೆಯೇ ಉಳಿದಿಲ್ಲ ಅಂದುಕೊಂಡು ಎದ್ದುಹೋಗುತ್ತಾರೆ.

ಆ ಯುದ್ಧದಲ್ಲಿ ಪಲ್ಟನ್‌ಗಳು ದಿನದಿನವೂ ಬರೆದಿಟ್ಟ ದಿನಚರಿಗಳು ಬ್ರಿಟನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿ, ಡಬ್ಲ್ಯುಒ 95 ಎಂಬ ಸರಣಿಯಲ್ಲಿವೆ. ಡಿಜಿಟಲ್ ಆದವನ್ನು 2020ರ ಏಪ್ರಿಲ್‌ನಿಂದ ಖಾತೆ ತೆರೆದವರು ಉಚಿತವಾಗಿ ಇಳಿಸಿಕೊಳ್ಳಬಹುದು. ಅಲ್ಲಿ ಹುಡುಕು ಪೆಟ್ಟಿಗೆಯನ್ನು ನೆಚ್ಚುವುದಕ್ಕಿಂತ ಸರಣಿಯನ್ನೇ ತೆರೆದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಒಳ್ಳೆಯದು: ಮೆಸಪಟೋಮಿಯಾ, 6ನೇ ಪೂನಾ ಡಿವಿಷನ್, 17ನೇ ಬ್ರಿಗೇಡ್, ಆಮೇಲೆ 103. ಬೆಟಾಲಿಯನ್ನಿನ ದಿನಚರಿ ಇಲ್ಲದಿದ್ದರೆ ಬ್ರಿಗೇಡಿನದು, ಅದೂ ಇಲ್ಲದಿದ್ದರೆ ಡಿವಿಷನ್ನಿನದು. ಕೆಳಗಿನವರು ಬರೆದದ್ದರ ಸಾರ ಎಷ್ಟೋ ಸಲ ಮೇಲಿನವರ ಕಾಗದದಲ್ಲಿ ಉಳಿದಿರುತ್ತದೆ.

ದಿನಚರಿ ಎಂದರೆ ಆರ್ಮಿ ಫಾರ್ಮ್ ಸಿ 2118. ಸ್ಥಳ, ದಿನಾಂಕ, ಗಂಟೆ, ಘಟನೆಗಳ ಸಾರ, ಕೊನೆಗೆ ಅನುಬಂಧದ ಉಲ್ಲೇಖ, ಹೀಗೆ ಅಂಕಣಗಳು. ಬಹಳಷ್ಟು ಪುಟಗಳು ಪೆನ್ಸಿಲ್ ಬರಹ, ಇಲ್ಲವೇ ಮಸುಕಾದ ಕಾರ್ಬನ್ ಪ್ರತಿ. ಯಂತ್ರಕ್ಕೆ ಅದನ್ನು ಓದುವುದು ಕಷ್ಟ. ಬ್ರಿಟಿಷ್ ಅಧಿಕಾರಿಗೆ ಗಾಯವಾದರೆ ಹೆಸರು ಬರುತ್ತದೆ, ಸಿಪಾಯಿಗಾದರೆ ಸಾಮಾನ್ಯವಾಗಿ ‘ಐಒಆರ್’ (ಇಂಡಿಯನ್ ಅದರ್ ರ್ಯಾಂಕ್ಸ್, ಅಂದರೆ ಅಧಿಕಾರಿಯಲ್ಲದ ಭಾರತೀಯ ಸೈನಿಕರು) ಎಂಬ ಮೂರಕ್ಷರದ ಪಕ್ಕ ಒಂದು ಸಂಖ್ಯೆ, ಅಷ್ಟೇ. ಹಾಗಾಗಿ ಅಜ್ಜನ ಹೆಸರು ಹಾಕಿ ಹುಡುಕುವವರಿಗೆ ಇಲ್ಲಿ ಏನೂ ದಕ್ಕುವುದಿಲ್ಲ. ಮೊದಲು ಪಲ್ಟನ್, ಆಮೇಲೆ ತಿಂಗಳು, ದಾರಿ ಅದೊಂದೇ.

ಈಗ ದೆಹಲಿಯ ನಮ್ಮ ದಾಖಲಾಲಯದ ಮಾತು. ಬ್ರಿಟಿಷರ ಕಾಲದ ಆರ್ಮಿ ಡಿಪಾರ್ಟ್‌ಮೆಂಟಿನ ಕಡತ ಹಿಡಿಯಬೇಕಾದರೆ ತಿಂಗಳು, ‘ಎ’, ‘ಬಿ’ ಅಥವಾ ‘ಡಿಪಾಸಿಟ್’ ಎಂಬ ವರ್ಗ, ಜೊತೆಗೆ ನಂಬರು ಬೇಕು. ಈ ಮೂರನ್ನೂ ಕೊಡುವುದು ಆಯಾ ವರ್ಷದ ಅಚ್ಚಾದ ಸೂಚಿ. ಅಚ್ಚಿನ ಇಂಗ್ಲಿಷನ್ನು ಯಂತ್ರ ಸಲೀಸಾಗಿ ಓದುತ್ತದೆ. ಆದ್ದರಿಂದ 1914ರಿಂದ 1922ರವರೆಗಿನ ಸೂಚಿಗಳಿಗೆ ಆದ್ಯತೆ ಕೊಡಿ, ಅವುಗಳ ಪಠ್ಯವನ್ನು ಹುಡುಕಲು ಬರುವಂತೆ ಮಾಡಿ. ಸೂಚಿ ಜಾಲತಾಣದ ಒಳಗೆ, ಕಡತ ಹೊರಗೆ ಎಂಬ ಸ್ಥಿತಿಯನ್ನು ಸಹಿಸಬಹುದು. ಕಡತ ಒಳಗಿದ್ದು ಸೂಚಿ ಹೊರಗುಳಿದರೆ ಆ ಕಡತ ಇದ್ದೂ ಇಲ್ಲದಂತೆ.

ಕಡತಗಳಲ್ಲಿ ಮಡಚಿಟ್ಟ ನಕ್ಷೆಗಳನ್ನು ಬಿಡಿಸಿಯೇ ಚಿತ್ರ ತೆಗೆಯಬೇಕು. ಮಡಿಕೆಯೊಳಗೆ ಅಳತೆಪಟ್ಟಿ ಮುಚ್ಚಿಹೋದರೆ ಆ ನಕ್ಷೆ ಗೋಡೆಗೆ ತೂಗುಹಾಕಲಿಕ್ಕಷ್ಟೇ ಲಾಯಕ್ಕು.

ಮಾದರಿ ಬೇಕಿದ್ದರೆ ಜಪಾನಿನದಿದೆ. 2001ರಲ್ಲಿ ತೆರೆದ ‘ಜಕಾರ್’ (JACAR) ಎಂಬ ಡಿಜಿಟಲ್ ದಾಖಲೆ ತಾಣ ಮೂರು ಸಂಸ್ಥೆಗಳ ದಾಖಲೆಗಳನ್ನು ಒಂದೇ ಕಡೆ ತಂದಿದೆ. ಪ್ರತಿ ದಾಖಲೆಗೂ ಒಂದು ಅಕ್ಷರ, ಹನ್ನೊಂದು ಅಂಕಿಗಳ ಸಂಕೇತವಿದೆ. ‘ಎ’ ಎಂದರೆ ರಾಷ್ಟ್ರೀಯ ದಾಖಲಾಲಯ, ‘ಬಿ’ ವಿದೇಶಾಂಗದ್ದು, ‘ಸಿ’ ರಕ್ಷಣಾ ಇಲಾಖೆಯದು. ಅಡಿಟಿಪ್ಪಣಿಯಲ್ಲಿ ಆ ಸಂಕೇತ ಕಂಡವರು ಅದನ್ನು ಟೈಪಿಸಿದರೆ ನೇರ ಅದೇ ದಾಖಲೆಗೆ ಹೋಗುತ್ತಾರೆ. ಬದಲಾಗದ ಇಂಥ ಸಂಕೇತವೊಂದು ನಮ್ಮ ಪ್ರತಿ ಕಡತಕ್ಕೂ ಇರಲಿ, ಚಿತ್ರದ ಕ್ರಮಸಂಖ್ಯೆಯೂ ಜೊತೆಗಿರಲಿ.

1922ರ ಹೆಸರುಪಟ್ಟಿಗೆ ಸ್ಕ್ಯಾನರೂ ಬೇಡ, ಟೆಂಡರೂ ಬೇಡ. ಪ್ರತಿ ಪಲ್ಟನ್ನಿಗೆ ಒಂದು ಸಾಲು: ಹಳೆಯ ಸಂಖ್ಯೆ, ಹೊಸ ಹೆಸರು, ಬಳಕೆಯಲ್ಲಿದ್ದ ಕಾಗುಣಿತಗಳು, ಡಬ್ಲ್ಯುಒ 95ರ ಉಲ್ಲೇಖ. ಅದನ್ನು ಹುಡುಕು ಪೆಟ್ಟಿಗೆಯ ಹಿಂದೆ ಜೋಡಿಸಲು ಆದೇಶ ಕೊಡಿ.

ಇತಿ,
ಸೇನಾ ದಾಖಲೆಗಳ ಓದುಗರು