ಸಣ್ಣವ್ವಗ, ನಿನ್ನ ಎಮ್ಮಿ ಪಿಚ್ಚರ್ ವಿಷಯ

ಚಿ. ಸಣ್ಣವ್ವಗ ಧಾರವಾಡದಿಂದ ನಿನ್ನ ಕಾಕಾನ ಆಶೀರ್ವಾದಗಳು.

ನೀ ಕಳಿಸಿದ್ದ ಸ್ಕ್ರಿಪ್ಟ್ ಪೂರಾ ಓದಿದೆ, ನಿಮ್ಮ ಕಾಕುಗೂ ಓದಿ ಹೇಳಿದೆ. ಕಲಘಟಗಿ ಕಡೆ ಒಬ್ಬಾಕಿ ಗೌಳಿ ಆಯಿ, ಆಕೀದೊಂದು ಮುದಿ ಎಮ್ಮಿ, ಹುಬ್ಬಳ್ಳಿಯೊಳಗಿರೂ ಮಗ ಎಮ್ಮಿ ಮಾರಿ ನಮ್ಮ ಮನಿಗೆ ಬಂದುಬಿಡು ಅಂತಾನ, ಆಯಿ ಒಲ್ಲೆ ಅಂತಾಳ. ಕತಿ ಛಲೋ ಐತಿ. ದೊಡ್ಡ ಪ್ರೊಡ್ಯೂಸರ್ ಇಲ್ಲದ ನಾಕು ಮಂದಿ ಗೆಳತ್ಯಾರು ರೊಕ್ಕ ಕೂಡಿಸಿ ಮಾಡೂ ಪಿಚ್ಚರ್‌ಗೆ ಇದಕ್ಕಿಂತ ಛಲೋ ವಿಷಯ ಸಿಗೂದು ಕಷ್ಟ. ಆದ್ರ ಕೆಲವು ಮಾತು ಹೇಳೂದೈತಿ, ಫೋನಿನ್ಯಾಗ ಹೇಳಿದ್ರ ಅರ್ಧಾ ಗಾಳಿಗೆ ಹೋಗ್ತಾವ, ಅದಕ್ಕ ಕುಂತು ಬರಿಯಾಕತ್ತೀನಿ, ಉದ್ದ ಆತು ಅಂತ ಬ್ಯಾಸರ ಮಾಡ್ಕೋಬ್ಯಾಡ.

ಮೊದಲು ಆ ಅಳೂ ಸೀನ್ ತಗದುಬಿಡು. ಆಯಿ ಅಳ್ತಾಳ, ಎಮ್ಮಿ ಕಣ್ಣಾಗೂ ನೀರು ಬರ್ತಾವ, ಕ್ಲೋಸಪ್, ಹಿಂದ ಪಿಟೀಲು ಅಂತ ಬರದೀಯಲ್ಲ, ಅದು. ನಾನು ಪಶು ದವಾಖಾನಿಯೊಳಗ ಸರ್ವಿಸ್ ಮುಗಿಸಿದಾಂವ, ಎಮ್ಮಿ ಕಣ್ಣಾಗ ನೀರು ಸೋರಾಕತ್ತಿದ್ರ ನಾವು ನೋಡೂದು ಕಣ್ಣಾಗ ಹುಳ ಆಗ್ಯಾವೇನು, ನೊಣ ಕುಂತಾವೇನು, ಹೊಟ್ಟು ಬಿದ್ದೈತೇನು ಅಂತ. ಬೆಂಗಳೂರಾಗ ಕುಂತು ನೋಡಾವ್ರು ಅಯ್ಯೋ ಪಾಪ ಅಂದಾರು, ಆದ್ರ ಎಮ್ಮಿ ಕಟ್ಟಿದ ಮನಿಯವ್ರು ನೋಡಿದ್ರ ಈ ಹುಡುಗಿಗೆ ಎಮ್ಮಿ ಗೊತ್ತಿಲ್ಲ ಅಂತ ಅಲ್ಲೇ ತಿಳೀತಾರ, ಅಲ್ಲಿಂದ ಮುಂದಿಂದು ಏನೂ ನಂಬಾಂಗಿಲ್ಲ. ಮನಷಾನ ದುಃಖ ಎಮ್ಮಿ ಮಾರಿಗೆ ಬಳೀಬ್ಯಾಡ. ಅದಕ್ಕ ತಂದೇ ಆದ ಒಂದು ರೀತಿ ಐತಿ ಪ್ರೀತಿ ತೋರ್ಸಾಕ, ಅದನ್ನ ನೀ ಸ್ಕ್ರಿಪ್ಟ್‌ನ್ಯಾಗ ಬರದೇ ಇಲ್ಲ.

ಎಮ್ಮಿ ಹಿಂಡೂದು ಅಂದ್ರ ಆಕಳ ಹಿಂಡಿದಷ್ಟು ಸರಳ ಅಲ್ಲವ್ವಾ. ಆಕಳ ಕೆಚ್ಚಲದಾಗ ಕೆಳಗ ಒಂದಿಷ್ಟು ಹಾಲು ಮೊದಲೇ ಇಳದು ನಿಂತಿರ್ತೈತಿ, ಎಮ್ಮಿಗೆ ಹಂಗಲ್ಲ, ಅದರ ಹಾಲು ಬಹುತೇಕ ಪೂರಾ ಮ್ಯಾಲೇ ಇರ್ತೈತಿ, ಅದು ತಾನಾಗೇ ತೊರಿ ಬಿಟ್ರನ ಕೆಳಗ ಇಳ್ಯೂದು. ಕರು ಬಂದು ಕೆಚ್ಚಲಕ್ಕ ಗುಮ್ಮಬೇಕು, ಇಲ್ಲಾ ಗೊತ್ತಿದ್ದ ಕೈ ಮುಟ್ಟಬೇಕು, ಗೊತ್ತಿದ್ದ ದನಿ ಕೇಳಬೇಕು, ಆವಾಗ ಮಿದುಳಿನಿಂದ ಆಕ್ಸಿಟೋಸಿನ್ ಅನ್ನೂ ಹಾರ್ಮೋನ್ ರಕ್ತಕ್ಕ ಬಂದು ಹಾಲು ಇಳೀತೈತಿ. ಹೊಸ ಮಂದಿ ನಿಂತಿದ್ರ, ನಾಯಿ ಬಂದ್ರ, ಏನರ ಸಪ್ಪಳ ಆದ್ರ ಎಮ್ಮಿ ಅಂಜಿ ಹಾಲು ಏರಿಸ್ಕೊಂಡುಬಿಡ್ತೈತಿ, ಆಮ್ಯಾಲ ಎಷ್ಟು ಜಗ್ಗಿದ್ರೂ ಅಷ್ಟ. ಈಗ ಆಯಿ ಏನು ಮಾಡ್ತಾಳ ನೋಡು, ನಸುಕಿನ್ಯಾಗ ಎದ್ದು ತೊಟ್ಟಿಯೊಳಗ ಹಿಂಡಿ ನೆನಸಿದ್ದು ಇಡ್ತಾಳ, ಕರು ಬಿಡ್ತಾಳ, ಎರಡು ಗುಟುಕು ಕುಡ್ಯಾಕ ಬಿಟ್ಟು ಎಳದು ಎಮ್ಮಿ ಮಾರಿ ಮುಂದ ಕಟ್ತಾಳ, ಎಮ್ಮಿ ಅದನ್ನ ನೆಕ್ಕಾಕತ್ತಿದ ಮ್ಯಾಲ ಈಕಿ ಕುಕ್ಕರಗಾಲಿಲೆ ಕುಂತು ಹಣಿ ಎಮ್ಮಿ ಹೊಟ್ಟಿಗೆ ಹಚ್ತಾಳ, ಏನೋ ಗುಣುಗುಣು ಅಂತಾಳ, ಮೊಲಿಗೆ ಬೆರಳಿಲೆ ಎಣ್ಣಿ ಸವರ್ತಾಳ. ಒಂದೆರಡು ನಿಮಿಷ ಏನೂ ಆಗಾಂಗಿಲ್ಲ. ಆಮ್ಯಾಲ ಮೊಲಿ ಉಬ್ಬಿ ಬಿರುಸಾಗ್ತಾವ, ಖಾಲಿ ಚರಗಿಯೊಳಗ ಮೊದಲನೇ ಧಾರಿ ಚಣ್ ಅಂತ ಬೀಳ್ತೈತಿ, ಹಾಲು ತುಂಬಿದಂಗೆಲ್ಲ ಆ ಸಪ್ಪಳ ಮೆತ್ತಗ ಆಗ್ತೈತಿ, ನೊರಿ ಏರ್ತೈತಿ. ಆ ಏನೂ ಆಗದ ಎರಡು ನಿಮಿಷ ಐತಲ್ಲ ಸಣ್ಣವ್ವಾ, ನಿನ್ನ ಇಡೀ ಪಿಚ್ಚರ್ ಅದರಾಗ ಐತಿ. ಕಟ್ ಮಾಡಬ್ಯಾಡ. ಈಗ ಸ್ಕ್ರಿಪ್ಟ್‌ನ್ಯಾಗ ಬರೇ ‘ಆಯಿ ಹಾಲು ಹಿಂಡುತ್ತಾಳೆ’ ಅಂತ ಒಂದು ಸಾಲು ಐತಿ, ಅದನ್ನ ಮೂರು ಪುಟ ಮಾಡು.

ಇದರಾಗ ಇನ್ನೊಂದು ಗಮನಾ ಇಡು. ನೀ ಲೈಟು, ಉದ್ದ ಕೋಲಿನ ಬೂಮ್ ಮೈಕು, ನಾಕು ಮಂದಿ ಹುಡುಗೋರು ಅಂತ ಕೊಟ್ಟಿಗಿಗೆ ನುಗ್ಗಿದ ದಿನಾನ ಎಮ್ಮಿ ಹಾಲು ಏರಿಸ್ಕೊಂತೈತಿ, ಅವತ್ತು ಆಯಿ ಡೇರಿಗೆ ಹಾಕೂ ಹಾಲು ಕಮ್ಮಿ, ಅಂದ್ರ ಆಕಿ ರೊಕ್ಕ ಕಮ್ಮಿ. ನಿನ್ನ ಶಾಟ್‌ನ ಖರ್ಚು ಆಕಿ ಮ್ಯಾಲ ಬೀಳ್ತೈತಿ. ಇಂಥಾ ಕಡೆ ಕೆಲವ್ರು ಇಂಜೆಕ್ಷನ್ ಚುಚ್ಚಿ ಹಾಲು ಇಳಸ್ತಾರ, ಯಾರರ ನಿನಗ ಹಂಗ ಸಲಹಾ ಕೊಟ್ರ ಅಂಥವ್ರನ್ನ ಸೆಟ್‌ನ್ಯಾಗ ಕಾಲ ಇಡಾಕ ಬಿಡಬ್ಯಾಡ. ಅದರ ಬದಲು ನೀನೊಬ್ಬಾಕಿ ಮೊದಲು ಕ್ಯಾಮೆರಾ ಇಲ್ಲದ ಹೋಗು, ಸಗಣಿ ಬಾಚು, ಮೇವು ಹಾಕು, ಎಮ್ಮಿ ನಿನ್ನ ವಾಸನಿ ಹಿಡದು ನಿನ್ನ ಕಡೆ ನೋಡೂದ ಬಿಟ್ಟು ಮೆಲಕಾಡ್ಸಾಕತ್ತಿದ ಮ್ಯಾಲ ಕ್ಯಾಮೆರಾ ಒಳಗ ತಾ. ಹಿಂದಿನಿಂದ ಒಟ್ಟ ಹೋಗಬ್ಯಾಡ, ಬೆನ್ನ ಹಿಂದಿಂದು ಅದಕ್ಕ ಕಾಣಾಂಗಿಲ್ಲ, ಒದೀತೈತಿ. ಮಧ್ಯಾಹ್ನದ ಬಿಸಲಾಗ ಟೇಕ್ ಮ್ಯಾಲ ಟೇಕ್ ಅಂತ ನಿಲ್ಲಸಬ್ಯಾಡ, ಕರೀ ತೊಗಲು, ಬೆವರೂ ಶಕ್ತಿ ಕಮ್ಮಿ, ಆ ಹೊತ್ತಿಗೆ ಅದು ಕೆರಿಯೊಳಗ ಇರಬೇಕು. ನೀ ಕೆರಿ ದಂಡಿಗೆ ಹೋಗು.

ಹೊರಗಿನ ಪಿಚ್ಚರ್ ಭಾಳ ನೋಡೀದಿ ಅಂತ ಗೊತ್ತೈತಿ, ನಾನೂ ರಿಟೈರ್ ಆದ ಮ್ಯಾಲ ಮೊಮ್ಮಗನ ಲ್ಯಾಪ್‌ಟಾಪಿನ್ಯಾಗ ಕೆಲವು ನೋಡೀನಿ. ಹನಿಲ್ಯಾಂಡ್ ಅಂತ 2019ರದು ಉತ್ತರ ಮ್ಯಾಸಿಡೋನಿಯಾ ದೇಶದ್ದು ಐತಲ್ಲ, ಜೇನು ಸಾಕೂ ಹತಿಜೆ ಅನ್ನೂ ಹೆಣಮಗಳದು, ಅದನ್ನ ಇನ್ನೊಮ್ಮೆ ನೋಡು. ಆ ಡೈರೆಕ್ಟರ್ ಇಬ್ಬರೂ ಸಣ್ಣ ತಂಡ ಕಟ್ಕೊಂಡು ಮೂರು ವರ್ಷ ಆಕಿ ಬೆನ್ನ ಹತ್ತಿ 400 ತಾಸಿನಷ್ಟು ಶೂಟ್ ಮಾಡ್ಯಾರ. ಮನಿಯೊಳಗ ಅವ್ವಾ ಮಗಳು ಆಡೂದು ಹಳೇ ನಮೂನಿ ಟರ್ಕಿ ಭಾಷಾ, ಅದು ಇವ್ರಿಗೆ ತಿಳೀತಿದ್ದಿಲ್ಲ, ಹಂಗಾಗಿ ಮೊದಲು ಬರೇ ಚಿತ್ರ ನೋಡಿ ಎಡಿಟಿಂಗ್ ಸುರು ಮಾಡಿದ್ರು, ಮಾತು ಆಮ್ಯಾಲ. ನಿನಗೂ ಇದು ಉಪಯೋಗ ಬೀಳ್ತೈತಿ ಯಾಕಂದ್ರ ಆಯಿ ಮನಿಯೊಳಗ ಆಡೂದು ಗೌಳ್ಯಾರ ಮರಾಠಿ, ಆಕಿ ಕಡೆಯಿಂದ ನಮ್ಮ ಕನ್ನಡ ಡೈಲಾಗ್ ಹೇಳಿಸಾಕ ಹೋಗಬ್ಯಾಡ, ಎಮ್ಮಿ ಜೋಡಿ ಯಾವ ಭಾಷಾದಾಗ ಮಾತಾಡ್ತಾಳೋ ಅದರಾಗ ಆಡ್ಲಿ, ಕೆಳಗ ಸಬ್‌ಟೈಟಲ್ ಹಾಕು. ಹತಿಜೆ ಜೇನು ಬಿಚ್ಚಿದಾಗ ಅರ್ಧಾ ತಾ ತಗೊಂಡು ಅರ್ಧಾ ಹುಳಕ್ಕ ಬಿಡ್ತಾಳ, ಬಾಜೂಕ ಬಂದ ಸಂಸಾರ ಗಿರಾಕಿ ಒತ್ತಾಯಕ್ಕ ಎಲ್ಲಾ ತಗೀತೈತಿ, ಆಮ್ಯಾಲ ಅವ್ರ ಹುಳ ಬಂದು ಈಕಿ ಜೇನು ಹಾಳ ಮಾಡ್ತಾವ. ಪ್ರೀತಿ ಅಂತ ಯಾರೂ ಬಾಯಿ ಬಿಟ್ಟು ಹೇಳಾಂಗಿಲ್ಲ ಅದರಾಗ, ಲೆಕ್ಕಾಚಾರದಾಗ ಪ್ರೀತಿ ಕಾಣ್ತೈತಿ.

ನಮ್ಮ ದೇಶದ್ದೇ ಆಲ್ ದಟ್ ಬ್ರೀದ್ಸ್, 2022ರಾಗ ಶೌನಕ್ ಸೇನ್ ಮಾಡಿದ್ದು, ದಿಲ್ಲಿಯೊಳಗ ಗಾಳಿಪಟದ ಮಾಂಜಾ ದಾರ ಹತ್ತಿ ರೆಕ್ಕಿ ಕೊಯ್ಕೊಂಡು ಬೀಳೂ ಹದ್ದುಗಳನ್ನ ಇಬ್ಬರು ಅಣ್ಣ ತಮ್ಮ ಮನಿ ನೆಲಮಾಳಿಗಿಯೊಳಗ ಇಟ್ಕೊಂಡು ಆರೈಕಿ ಮಾಡೂದು. ಮಾಂಸ ತಿನ್ನೂ ಪಕ್ಷಿ ಅಂತ ಪಕ್ಷಿ ಆಸ್ಪತ್ರಿಯವ್ರು ಒಲ್ಲೆ ಅಂದಿದ್ರಂತ, ಆ ಹುಡುಗೋರು ಬಾಡಿ ಬಿಲ್ಡಿಂಗ್ ಓದಿದ್ದರಾಗ ಸ್ನಾಯು, ನರ ಅಂತ ತಿಳ್ಕೊಂಡಿದ್ದನ್ನ ಹದ್ದಿಗೆ ಹಚ್ಚಿ ಕಲಿತ್ರು. ಅದು ಅಮೇರಿಕಾದ ಸನ್‌ಡಾನ್ಸ್ ಚಿತ್ರೋತ್ಸವದಾಗ ದೊಡ್ಡ ಪ್ರಶಸ್ತಿ ತಗೊಂತು, ಫ್ರಾನ್ಸಿನ ಕಾನ್ ಚಿತ್ರೋತ್ಸವದಾಗೂ ತಗೊಂತು. ಅದರಾಗ ನನಗ ಹಿಡಿಸಿದ್ದು ಏನಂದ್ರ ಹದ್ದು ಅವ್ರಿಗೆ ಒಮ್ಮೆನೂ ಉಪಕಾರ ಅನ್ನಾಂಗಿಲ್ಲ, ಗುಣ ಆದ ಕೂಡ್ಲೇ ಹಾರಿ ಹೋಗ್ತೈತಿ, ಇವ್ರು ಮತ್ತ ಇನ್ನೊಂದು ಡಬ್ಬಿ ಬಿಚ್ಚಿ ಇನ್ನೊಂದು ಹದ್ದು ತಗೀತಾರ.

ಹಂಗಂತ ನಿನ್ನ ಪಿಚ್ಚರ್ ಅವ್ರದಂಗ ಆಗಬೇಕಂತ ಅಲ್ಲ. ಇಲ್ಲಿ ನಂಟು ಬ್ಯಾರೆ, ಇಲ್ಲಿ ಹಾಲು ಐತಿ, ರೊಕ್ಕ ಐತಿ, ಮಾರೂದು ಕೊಳ್ಳೂದು ಐತಿ, ಅದನ್ನ ನೀ ಮುಚ್ಚಿಟ್ಟೀದಿ ಅನ್ನೂದ ನನಗ ಭಾಳ ಕಾಡಾಕತ್ತೈತಿ. ಸ್ಕ್ರಿಪ್ಟ್‌ನ್ಯಾಗ ಆಯಿ ಎಮ್ಮೀನ ಮಗಳಂಗ ನೋಡ್ತಾಳ ಅಂತ ಬರದೀದಿ. ಖರೇ ನೋಡ್ತಾಳ. ಆದ್ರ ಆ ಎಮ್ಮಿ ಈದ ಗಂಡ್ಗರು ಎಲ್ಲಿ ಹೋದ್ವು? ಗೌಳ್ಯಾರ ಹಟ್ಟಿಯೊಳಗ ಹೆಣ್ಗರು ಹುಟ್ಟಿದ್ರ ಬೆಲ್ಲ ಹಂಚ್ತಾರ, ಗಂಡ್ಗರುಕ್ಕ ಹಾಲು ಬಿಟ್ರ ಡೇರಿಗೆ ಹಾಕೂದು ಉಳ್ಯಾಂಗಿಲ್ಲ, ಅವು ಸೊರಗಿ ಸೊರಗಿ ಸಾಯ್ತಾವ. ಸತ್ತ ಮ್ಯಾಲ ಎಮ್ಮಿ ತೊರಿ ಬಿಡೂದಿಲ್ಲ ಅಂತ ಕೆಲವು ಕಡೆ ಕರುವಿನ ತೊಗಲು ಒಣಗಿಸಿ ಅದರಾಗ ಹುಲ್ಲು ತುಂಬಿ ಎಮ್ಮಿ ಮುಂದ ನಿಲ್ಲಸ್ತಿದ್ರು, ನಾ ಸರ್ವಿಸಿನ್ಯಾಗ ಕಣ್ಣಾರೆ ನೋಡೀನಿ, ಎಮ್ಮಿ ಅದನ್ನ ನೆಕ್ಕತಿತ್ತು, ಹಾಲು ಬಿಡತಿತ್ತು. ಅದನ್ನ ನೋಡಿ ಬಂದ ಮ್ಯಾಲ ಮನಿಯೊಳಗ ಚಾ ಕುಡ್ಯಾಕ ಮನಸ್ಸಾಗತಿದ್ದಿಲ್ಲ. ಹಂಗ ತೊಗಲಿನ ಕರು ನಿಲ್ಲಸಿದ್ದ ಅದ ಹೆಣಮಗಳು ಅದ ಎಮ್ಮಿಗೆ ಜ್ವರ ಬಂದಾಗ ರಾತ್ರಿ ಪೂರಾ ಕೊಟ್ಟಿಗ್ಯಾಗ ಗೋಣಿಚೀಲ ಹಾಸಿ ಮಲಗಿದ್ಲು. ಎರಡೂ ಖರೇ. ಎರಡೂ ಬರ್ಲಿ ಪಿಚ್ಚರಿನ್ಯಾಗ.

ನಾರ್ವೆ ದೇಶದ ಒಂದು ಹಂದಿ, ಅದರ ಮರಿಗಳ ಮ್ಯಾಲ ಗುಂಡಾ ಅಂತ 2020ರಾಗ ವಿಕ್ಟರ್ ಕೊಸಕೋವ್‌ಸ್ಕಿ ಮಾಡಿದ್ದು ಕಪ್ಪು ಬಿಳುಪು ಪಿಚ್ಚರ್ ಐತಿ, ಮಾತಿಲ್ಲ, ಸಂಗೀತ ಇಲ್ಲ, ಕಡೀಕ ಒಂದು ಗಾಡಿ ಬಂದು ಮರಿ ಎಲ್ಲಾ ತುಂಬ್ಕೊಂಡು ಹೋಗ್ತೈತಿ, ತಾಯಿ ಹಂದಿ ಅತ್ತಾಗ ಇತ್ತಾಗ ಹುಡುಕ್ಕೋತ ತಿರಗ್ತೈತಿ, ಅಷ್ಟ. ಕೊಲ್ಲೂದು ತೋರ್ಸಿಲ್ಲ, ಯಾರಿಗೂ ಬೈದಿಲ್ಲ. ಆದ್ರೂ ನೋಡಾಂವ ಕುಂತಲ್ಲೇ ಕರಗ್ತಾನ. ನೀ ಕರುವಿನ ಮಾತು ಹಂಗ ತೋರ್ಸು, ಆಯೀನ ಕೆಟ್ಟಾಕಿ ಮಾಡಬ್ಯಾಡ. ಮುದಿ ಎಮ್ಮಿ ಎಲ್ಲಿ ಹೋಗ್ತೈತಿ ಅನ್ನೂದನ್ನೂ ಮುಚ್ಚಬ್ಯಾಡ. 2021ರಿಂದ ನಮ್ಮ ರಾಜ್ಯದಾಗ ಹೊಸ ಕಾಯ್ದೆ ಪ್ರಕಾರ 13 ವರ್ಷದೊಳಗಿನ ಎಮ್ಮಿ ಕೋಣ ಕಡ್ಯಾಂಗಿಲ್ಲ, ಮೀರಿದ್ದಕ್ಕೂ ಸರ್ಟಿಫಿಕೇಟ್ ಬೇಕು, ಹಂಗಾಗಿ ಬತ್ತಿದ ಎಮ್ಮಿ ಇಟ್ಕೊಂಡಾವ್ರಿಗೆ ಮೇವಿನ ಖರ್ಚು ಒಂದು ಕಡೆ, ಕೊಳ್ಳಾವ್ರಿಲ್ಲ ಅನ್ನೂದು ಇನ್ನೊಂದು ಕಡೆ. ನಿನ್ನ ಕತಿಯೊಳಗ ಮಗ ಮಾರು ಅಂತಾನಲ್ಲ, ಯಾರಿಗೆ ಮಾರ್ತಾನ? ಹಾವೇರಿ ದನದ ಪ್ಯಾಟಿಗೆ ಒಮ್ಮೆ ಹೋಗಿ ಬಾ, ದಲ್ಲಾಳಿ ಟವೆಲ್ ಕೆಳಗ ಕೈ ಹಿಡದು ಬೆರಳಾಗ ರೇಟು ಹೇಳೂದು ನೋಡು, ಮಾರಾಕ ಬಂದಾವ್ರು ಹಗ್ಗ ಕೊಡೂ ಮುಂದ ಹೆಂಗ ಮಾರಿ ಹೊಳ್ಳಸ್ತಾರ ನೋಡು. ನೀ ಮಗನ್ನ ವಿಲನ್ ಮಾಡೀದಿ, ಆಂವ ವಿಲನ್ ಅಲ್ಲ. ಹುಬ್ಬಳ್ಳಿಯೊಳಗ ಬಾಡಿಗಿ ಕಟ್ಟಿ, ಅವ್ವನ ಮೊಣಕಾಲು ನೋವಿಗೆ ಗುಳಗಿ ತಂದುಕೊಡಾಂವ ಅಂವನ.

ಎಮ್ಮಿ ತಳಿ ಬಗ್ಗೆ. ನೀ ಸೀನ್ ಸೀನ್ ಚಿತ್ರಾ ತಗದ ಸ್ಟೋರಿಬೋರ್ಡಿನ್ಯಾಗ ಬಿಡಿಸಿದ್ದು ಮುರ್ರಾ, ಕೊಂಬು ಜಿಲೇಬಿಯಂಗ ಸುತ್ಕೊಂಡಾವ. ಅದು ಹರಿಯಾಣ ಕಡೇದು. ನಮ್ಮ ಧಾರವಾಡಿ ಎಮ್ಮಿ ಕೊಂಬು ಅರ್ಧಚಂದ್ರನ ಆಕಾರ, ಹಿಂದಕ್ಕ ಹೋಗಿ ಬಾಗಿರ್ತಾವ. 2021ರಾಗ ಅದಕ್ಕ ಸ್ವತಂತ್ರ ತಳಿ ಅಂತ ರಾಷ್ಟ್ರಮಟ್ಟದಾಗ ನೋಂದಣಿ ಆತು, ನಮ್ಮ ಕೃಷಿ ಯುನಿವರ್ಸಿಟಿಯವ್ರು ಅದರ ಬೆನ್ನ ಹತ್ತಿ ಕೆಲಸ ಮಾಡಿದ್ರು. ಧಾರವಾಡ ಪೇಢೆಗೆ ಜಿಐ ಟ್ಯಾಗ್, ಅಂದ್ರ ಇದು ಇದ ಊರಿಂದು ಅನ್ನೂ ಸರಕಾರಿ ಗುರುತು, ಬಂದಾಗ ಊರೆಲ್ಲಾ ಪೇಢೆ ಹಂಚಿದ್ರು, ಆ ಹಾಲು ಕೊಟ್ಟ ಎಮ್ಮಿ ಬಗ್ಗೆ ಯಾರೂ ಮಾತಾಡ್ಲಿಲ್ಲ, ಅದು ನನ್ನ ಹೊಟ್ಯಾಗ ಇನ್ನೂ ಐತಿ. ಗೋವಿನ ಮ್ಯಾಲ ಹಾಡು ಐತಿ, ನಾಯಿ ಮ್ಯಾಲ ಚಾರ್ಲಿ ಬಂತು, ಥೇಟರಿನ್ಯಾಗ ಮಂದಿ ಅತ್ರು, ಎಮ್ಮಿಗೆ ಯಾರದಾರ? ನೀ ಮಾಡಾಕತ್ತೀದಿ ಅಂತ ನನಗ ಎಷ್ಟು ಹೆಮ್ಮಿ ಐತಿ ಅಂತ ಬರಿಯಾಕ ಬರಾಂಗಿಲ್ಲ.

ಒಂದ ಎಮ್ಮಿ ಮ್ಯಾಲ ಇಡೀ ಪಿಚ್ಚರ್ ತಗಿ. ಇಒ ಅಂತ ಪೋಲೆಂಡಿನವ್ರ ಪಿಚ್ಚರಿನ್ಯಾಗ ಒಂದು ಕತ್ತೆ ಪಾತ್ರಕ್ಕ ಆರು ಕತ್ತೆ ಹಚ್ಚಿದ್ರು, 2022ರಾಗ ಕಾನ್‌ನ್ಯಾಗ ಪ್ರಶಸ್ತಿ ತಗೊಳ್ಳೂ ಮುಂದ ಆ ಮುದುಕ ಡೈರೆಕ್ಟರ್ ಆರೂ ಕತ್ತೆ ಹೆಸರು ಹಿಡದು ಥ್ಯಾಂಕ್ಸ್ ಹೇಳಿದ, ಅದು ದೊಡ್ಡ ಗುಣ. ಆದ್ರ ಎಮ್ಮಿಗೆ ಅದು ನಡ್ಯಾಂಗಿಲ್ಲ, ಕೊಂಬು ಒಂದೊಂದರದು ಒಂದೊಂದು ನಮೂನಿ, ಗೌಳ್ಯಾರು ದೂರದಿಂದನ ಇದು ಬ್ಯಾರೆ ಎಮ್ಮಿ ಅಂತಾರ.

ದೀಪಾವಳಿ ಪಾಡ್ಯಾದ ದಿನ ಗೌಳಿಗಲ್ಲಿಯೊಳಗ ಎಮ್ಮಿಗೆ ಸಿಂಗಾರ ಮಾಡಿ ಓಡಿಸೂದರಿಂದ ಪಿಚ್ಚರ್ ಸುರು ಮಾಡ್ತೀನಿ ಅಂದೀದಿ. ಅದನ್ನ ಎಲ್ಲಾರೂ ಮೊಬೈಲಿನ್ಯಾಗ ತಗೀತಾರ. ನೀ ಅದರ ಹಿಂದಿನ ರಾತ್ರಿ ತಗಿ, ಮೈ ತಿಕ್ಕೂದು, ಕೂದಲಾ ಬೋಳಿಸೂದು, ಕೊಂಬಿಗೆ ಬಣ್ಣ ಹಚ್ಚೂದು, ಅಪ್ಪ ಮಗ ಇಬ್ಬರೂ ಒಂದ ಎಮ್ಮಿಗೆ ಎಣ್ಣಿ ಸವರ್ಕೋತ ನಿಂತಿರ್ತಾರ. ಓಟ ಬೇಕಾದ್ರ ಸಪ್ಪಳ ಅಷ್ಟ ಕೇಳ್ಲಿ.

ಕಾಗದಪತ್ರದ ಕೆಲಸ ಈಗಿಂದನ ಹಿಡಿ. ಥೇಟರಿಗೆ ಬಿಡೂ ವಿಚಾರ ಇದ್ರ ಸೆನ್ಸಾರ್‌ನವ್ರು ಪ್ರಾಣಿ ಕಲ್ಯಾಣ ಮಂಡಳಿ ಎನ್‌ಒಸಿ, ಅಂದ್ರ ನಮ್ಮದು ಅಡ್ಡಿ ಇಲ್ಲ ಅನ್ನೂ ಪತ್ರ, ಕೇಳ್ತಾರ, 2001ರ ನಿಯಮದ ಪ್ರಕಾರ ಶೂಟಿಂಗ್ ಸುರು ಆಗೂಕಿಂತ ಮೊದಲ ಅರ್ಜಿ ಹಾಕಬೇಕು, ಎಮ್ಮಿ ಆರೋಗ್ಯದಾಗ ಐತಿ ಅಂತ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದಕ್ಕ ಬೇಕಾದ್ರ ನಾನ ಬಂದು ದವಾಖಾನಿಗೆ ಕರಕೊಂಡು ಹೋಗ್ತೀನಿ. ಮುಗದ ಮ್ಯಾಲ ಓಡ್ಯಾಡಿದ್ರ ಸಿಗಾಂಗಿಲ್ಲ. ಮತ್ತ ಆಯಿ ಜೋಡಿ ರೊಕ್ಕದ ಮಾತು ಮೊದಲ ಆಡು, ದಿನಕ್ಕ ಎಷ್ಟು, ಹಾಲು ಕಮ್ಮಿ ಆದ್ರ ಎಷ್ಟು, ಪಿಚ್ಚರ್ ಮಾರಾಟ ಆದ್ರ ಎಷ್ಟು, ಮಗನ ಮುಂದ ಕುಂತು ಕಾಗದದ ಮ್ಯಾಲ ಬರದು ಕೊಡು. ನಿಮ್ಮನ್ನ ನಮ್ಮ ಮನಿಯವ್ರಂಗ ನೋಡ್ತೀವಿ ಅಂತ ಬಾಯಿಮಾತಿಲೆ ಹೇಳಿ ಬಿಡಬ್ಯಾಡ.

ಮೊನ್ನೆ ಆಯಿ ಮನಿ ಕಡೆ ಹೋಗಿದ್ದೆ, ಎಮ್ಮಿ ಗಬ್ಬ ಐತಿ, ಕೈ ಹಾಕಿ ನೋಡಿದೆ, ದೀಪಾವಳಿ ಆಗಿ ಒಂದು ತಿಂಗಳಿಗೆ ಈಯ್ತೈತಿ ಅನಸ್ತೈತಿ. ಗಂಡ್ಗರು ಆಗ್ತೈತೋ ಹೆಣ್ಗರು ಆಗ್ತೈತೋ ಯಾರಿಗೂ ಗೊತ್ತಿಲ್ಲ, ಅದರ ಮ್ಯಾಲ ನಿನ್ನ ಅರ್ಧಾ ಕತಿ ನಿಂತೈತಿ, ಹಂಗಾಗಿ ಕಡೇದು ಈಗ ಬರೀಬ್ಯಾಡ. ದಸರಾ ಆದ ಕೂಡ್ಲೇ ಬಾ, ಒಬ್ಬಾಕಿನ ಬಾ. ಕಾಕು ನಿನಗ ಅಂತ ಹಳೇ ಸೀರಿ ತಗದಿಟ್ಟಾಳ, ಕೊಟ್ಟಿಗ್ಯಾಗ ಜೀನ್ಸ್ ಉಟ್ಕೊಂಡು ಕುಕ್ಕರಗಾಲಿಲೆ ಕುಂದ್ರಾಕ ಆಗಾಂಗಿಲ್ಲ ಅಂತಾಳ. ಧಾರವಾಡ ಸ್ಟೇಷನ್ನಿಗೆ ನಾ ಬರ್ತೀನಿ, ಯಾವ ಟ್ರೇನು ಅಂತ ಮೆಸೇಜ್ ಹಾಕು.

ನಿನ್ನ ಕಾಕಾ