ಪುಟ್ಟನ ಕಣ್ಣಿನ ವಿಷಯ, ಅಕ್ಕನಿಗೆ

ಅಕ್ಕಾ,

ನಾನು ಕ್ಷೇಮ. ನಿನ್ನ ಕಾಗದ ಬಂತು. ಒಂದೇ ವರ್ಷದಲ್ಲಿ ಪುಟ್ಟನ ಕನ್ನಡಕದ ನಂಬರು ಎರಡು ಸಲ ಬದಲಾಯ್ತು, ಆದರೂ ಬೋರ್ಡು ಕಾಣಿಸ್ತಿಲ್ಲ ಅಂತ ಬರೆದಿದ್ದೀಯ. ಟಿವಿ ನೋಡಿ ಹಾಗಾಯ್ತು ಅಂತ ಅವನನ್ನು ಬೈಯಬೇಡ. ಹೋದ ತಿಂಗಳು ನನಗೊಂದು ಸಂಗತಿ ಗೊತ್ತಾಯ್ತು, ಹೇಗೆ ಹೇಳಲಿ ಅಂತ ಸುಮ್ಮನಿದ್ದೆ.

ಇಲ್ಲಿ ಹೊಸ ಕನ್ನಡಕಕ್ಕೆ ಅಂತ ಹೋದೆ. ಡ್ರಾಪ್ಸ್ ಹಾಕಿ ನೋಡಿದ ಡಾಕ್ಟರು, ಎದ್ದು ನಿಂತು ಎರಡೂ ಕೈ ಚಾಚಿ ಅಂದರು. ಟೇಪು ಹಿಡಿದು ಅಳೆದರು! ಆಮೇಲೆ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿಸಿದರು. ಉಗುರು ಕಿರುಬೆರಳಿನ ಆಚೆ ಇಣುಕಿತು. ಕಣ್ಣು ತೋರಿಸೋಕೆ ಹೋದವನನ್ನು ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ಇಷ್ಟು ಕೂಲಂಕಷವಾಗಿ ನನ್ನನ್ನು ಯಾರೂ ನೋಡಿರಲಿಲ್ಲ.

ಮಾರ್ಫನ್ ಸಿಂಡ್ರೋಮ್ ಅಂತೆ, ಕೈಕಾಲು, ಬೆರಳು ಉದ್ದವಾಗೋ, ಹುಟ್ಟಿನಿಂದ ಬರೋ ತೊಂದರೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತಂತೆ. ಕಣ್ಣೊಳಗಿನ ಲೆನ್ಸನ್ನು ಸುತ್ತಲಿಂದ ಸಣ್ಣ ಸಣ್ಣ ಎಳೆಗಳು ಎಳೆದು ಹಿಡಿದಿರುತ್ತವೆ. ಆ ಎಳೆಗಳು ಫಿಬ್ರಿಲಿನ್ ಅನ್ನೋ ಪ್ರೋಟೀನಿನವು, ಅದರ ಜೀನಿನಲ್ಲೇ ದೋಷ. ಎಳೆ ಸಡಿಲವಾದರೆ ಲೆನ್ಸು ಜಾರುತ್ತೆ. ನನ್ನದು ಮೇಲಕ್ಕೆ, ಹೊರಬದಿಗೆ ಜಾರಿದೆ. ಅದಕ್ಕೇ ನಂಬರು ಒಂದು ಕಡೆ ನಿಲ್ಲೋದಿಲ್ಲ. ಅದೇ ಪ್ರೋಟೀನು ಹೃದಯದಿಂದ ಹೊರಡೋ ದೊಡ್ಡ ರಕ್ತನಾಳದ ಗೋಡೆಯಲ್ಲೂ ಇದೆ.

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಅಪ್ಪನ ಎತ್ತರ, ಆ ಉದ್ದ ಬೆರಳು, ದಪ್ಪ ಗಾಜಿನ ಕನ್ನಡಕ ನೆನಪಿದೆಯಲ್ಲ. 41ಕ್ಕೇ ಎದೆನೋವು ಅಂತ ಕೂತವರು ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದುಕೊಂಡೆವು. ಆ ರಕ್ತನಾಳ ಹಿಗ್ಗಿ ಸೀಳಿರಬಹುದೇ ಅಂತ ನನಗೀಗ ಅನ್ನಿಸ್ತಿದೆ.

ಪುಟ್ಟನಿಗೂ ಇದೇ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಕನ್ನಡಕದ ಅಂಗಡಿ ಸಾಲದು, ಡ್ರಾಪ್ಸ್ ಹಾಕಿ ನೋಡೋ ಕಣ್ಣಿನ ಡಾಕ್ಟರಿಗೇ ತೋರಿಸು. ಮನೆಯಲ್ಲಿ ಮಾರ್ಫನ್ ಇದೆ ಅಂತ ಮೊದಲೇ ಹೇಳು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸು, ನೀನೂ ಮಾಡಿಸಿಕೋ. ತಂದೆ ತಾಯಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಹಾಗಾಗಿ ನೀನು ಬಿಟ್ಟುಹೋಗಬಾರದು. ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆದರೆ, ಕಪ್ಪು ಚುಕ್ಕೆ ದಿಢೀರನೆ ಜಾಸ್ತಿಯಾದರೆ, ಪರದೆ ಇಳಿದ ಹಾಗೆ ಕಂಡರೆ ಕಣ್ಣಿನ ಹಿಂಬದಿಯ ಪದರ, ರೆಟಿನಾ, ಕಳಚಿಕೊಳ್ತಿರಬಹುದು. ಅವತ್ತೇ ಓಡು, ಬೆಳಗಾಗಲಿ ಅಂತ ಕಾಯಬೇಡ. ಅಲ್ಲಿಯವರೆಗೆ ಮುಖಕ್ಕೆ ಚೆಂಡು ಬಡಿಯೋ ಆಟ ಬೇಡ.

ನನ್ನ ಚಿಂತೆ ಮಾಡಬೇಡ. ನನ್ನ ಎಕೋ ಚೆನ್ನಾಗಿದೆ, ನಿಜವಾಗಲೂ ಚೆನ್ನಾಗಿದೆ. ದಿನಕ್ಕೊಂದು ಮಾತ್ರೆ, ವರ್ಷಕ್ಕೊಂದು ಸಲ ಪರೀಕ್ಷೆ, ಅಷ್ಟೇ. ಊಟ, ನಿದ್ದೆ, ಕೆಲಸ ಎಲ್ಲಾ ಮೊದಲಿನ ಹಾಗೇ. ಖರ್ಚು ನಾನು ಕಳಿಸ್ತೀನಿ, ಭಾವನಿಗೆ ಸಂಕೋಚ ಬೇಡ ಅನ್ನು. ನನ್ನ ರಿಪೋರ್ಟೂ ಜೊತೆಗಿಟ್ಟಿದ್ದೀನಿ, ಡಾಕ್ಟರಿಗೆ ತೋರಿಸು. ಡ್ಯೂಟಿಗೆ ಹೊತ್ತಾಯ್ತು, ತೋರಿಸಿದ ದಿನವೇ ಬರಿ.

ನಿನ್ನ ತಮ್ಮ