ವಿಡಿಯೊ ಪಾಠ: ಹಿಂದಿನ ಸಂಜೆಯೇ ಇಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಮಧುಗಿರಿ, ಪಾವಗಡ ಕಡೆಯ ಹಳ್ಳಿ ಶಾಲೆಗಳಲ್ಲಿ ಮೇಷ್ಟರ ಮೊಬೈಲ್ ಹಾಟ್‌ಸ್ಪಾಟನ್ನೇ ನಂಬಿ ತರಗತಿಯ ಟಿ.ವಿ.ಯಲ್ಲಿ ವಿಡಿಯೊ ಪಾಠ ಹಾಕಿದರೆ, ಸಿಗ್ನಲ್ ಕುಸಿದೊಡನೆ ಪಾಠವೂ ನಿಲ್ಲುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಶಾಲಾ ಪಾಠಗಳ ಸರ್ಕಾರಿ ಆ್ಯಪ್ 'ದೀಕ್ಷಾ'ದಲ್ಲಿ ಸಿಗುವ ವಿಡಿಯೊವನ್ನು ಹಿಂದಿನ ಸಂಜೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಕ್ಷೇಮ. ನೇರವಾಗಿಯೇ ತೋರಿಸಬೇಕಾದರೆ ಗುಣಮಟ್ಟವನ್ನು 'ಆಟೊ'ದಲ್ಲಿ ಬಿಡದೆ 480ಪಿಗೆ ಇಳಿಸಿ. 40 ನಿಮಿಷದ ಪೀರಿಯಡ್ ಸಾಮಾನ್ಯವಾಗಿ ಅರ್ಧ ಜಿಬಿಯೊಳಗೆ ಮುಗಿಯುತ್ತದೆ. 1080ಪಿ ಆದರೆ ಡೇಟಾ ಹಲವು ಪಟ್ಟು ಬೇಕು, ಹಳ್ಳಿಯ ನೆಟ್‌ವರ್ಕ್ ಅದನ್ನು ತಾಳದು.

ಚಿತ್ರಕ್ಕಿಂತ ದೊಡ್ಡ ತೊಂದರೆ ಧ್ವನಿಯದು. ಟಿ.ವಿ.ಯ ಸದ್ದು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ವೈರ್ ಇರುವ ಸ್ಪೀಕರ್ ಜೋಡಿಸಿ. ಬ್ಲೂಟೂತ್‌ನಲ್ಲಿ ಕೆಲವೊಮ್ಮೆ ಮಾತು ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳಲೇಬೇಕು. ಪೂರ್ತಿ ಓಡಿಸಿದರೆ ಅದು ಪಾಠವಲ್ಲ. ಟಿ.ವಿ. ಕೊಡಿಸುವ ದಾನಿಗಳು ಜೊತೆಗೆ ಕರೆಂಟ್ ಹೋದಾಗ ನೆರವಾಗುವ ಯುಪಿಎಸ್ ಕೂಡ ಕೊಡಿಸಲಿ.

– ಪ್ರೌಢಶಾಲಾ ಶಿಕ್ಷಕರು, ಮಧುಗಿರಿ